ಕೊಂಕಣದ ಕಡಲಿನಲ್ಲಿ ಒಂದು ತಂಪುಪೆಟ್ಟಿಗೆ

ಮುಂಬಯಿಯಿಂದ ಕಾರವಾರಕ್ಕೆ ಹೋಗುವವರಿಗೆ ಇಂದು ದಾರಿಗಳ ಬರವಿಲ್ಲ. ೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆದ ಮೇಲಂತೂ, ರಾತ್ರಿ ಹಾಸಿಗೆ ಬಿಚ್ಚಿ ಮಲಗಿದವನು ಬೆಳಗಿನ ಹೊತ್ತಿಗೆ ಕಾಳೀ ನದಿಯ ಸೇತುವೆಯನ್ನು ದಾಟುತ್ತಿರುತ್ತಾನೆ. ಬಸ್ಸುಗಳುಂಟು, ಅವಸರವಿದ್ದವರಿಗೆ ಗೋವೆಯವರೆಗೆ ವಿಮಾನವೂ ಉಂಟು. ಆದರೆ ನಮ್ಮ ಹಿರಿಯರು ಮುಂಬಯಿಗೆ ಬಂದ ದಾರಿ ಇವಾವುದೂ ಅಲ್ಲ. ಅವರು ಬಂದದ್ದು ಕಡಲಿನ ಮೇಲೆ, ಆಗಬೋಟಿನಲ್ಲಿ. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸಿನ ಆಡಳಿತವನ್ನು ಬಿಟ್ಟು ಮುಂಬಯಿಯ ಆಡಳಿತಕ್ಕೆ ಸೇರಿತು. ೧೯೫೬ರವರೆಗೆ ಹಾಗೆಯೇ ಇತ್ತು. ಅಷ್ಟು ವರ್ಷ ಕಾರವಾರದವರಿಗೆ ದೊಡ್ಡ ಕೋರ್ಟು, ದೊಡ್ಡ ಕಾಲೇಜು, ದೊಡ್ಡ ನೌಕರಿ ಎಲ್ಲವೂ ಮುಂಬಯಿಯ ಕಡೆಗೇ. ನಡುವೆ ಇದ್ದದ್ದು ಈ ಕಡಲು.

ಆ ದಾರಿಯಲ್ಲಿ ಒಮ್ಮೆ ಹೋಗಿಬರಬೇಕೆಂಬ ಆಸೆ ನಮ್ಮ ಬಳಗದ ಒಬ್ಬ ಅಕ್ಕನವರದು. ವಯಸ್ಸು ಅರವತ್ತೆಂಟು. ಅವರ ತಾಯಿ ಮದುವೆಯಾದ ಹೊಸದರಲ್ಲಿ ಕಾರವಾರದಿಂದ ಆಗಬೋಟು ಹತ್ತಿ ಮುಂಬಯಿಗೆ ಬಂದವರು; ಆ ಪ್ರಯಾಣದ ಕಥೆಯನ್ನು ಸಾಯುವವರೆಗೂ ಹೇಳುತ್ತಿದ್ದರಂತೆ. ಅಕ್ಕನವರ ತಮ್ಮ ಹಡಗುಗಳ ಇಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ನಾವೆಲ್ಲ ಅವರನ್ನು ‘ಕಪ್ತಾನರು’ ಎಂದೇ ಕರೆಯುವುದು. ಅವರಲ್ಲಿ ಮೂವತ್ತು ಅಡಿಯ ಒಂದು ಹಾಯಿದೋಣಿ ಇದೆ. ಸಣ್ಣ ಡೀಸೆಲ್ ಇಂಜಿನ್, ನಾಲ್ಕು ಜನ ಮಲಗುವಷ್ಟು ಜಾಗ, ಒಂದು ಒಲೆ. ಜನವರಿಯಲ್ಲಿ ಕಡಲು ಶಾಂತವಾಗಿರುವ ಹೊತ್ತಿಗೆ ಕಪ್ತಾನರು, ಅಕ್ಕನವರು, ಹರ್ಣೈ ಊರಿನ ಕೋಳಿ ಹುಡುಗನೊಬ್ಬ ಮತ್ತು ನಾನು, ಹೀಗೆ ನಾಲ್ವರು ಹೊರಡುವುದೆಂದಾಯಿತು. ದಿನದ ದಾಖಲೆ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಈ ಲೇಖನದ ಅಂಕಿಗಳೆಲ್ಲ ಆ ಪುಸ್ತಕದವೇ.

ಒಂದೇ ಒಂದು ತೊಡಕಿತ್ತು. ಅಕ್ಕನವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಕಾರವಾರದಲ್ಲಿ ಎರಡು ತಿಂಗಳು ಇರುವವರಾದ್ದರಿಂದ ಅಷ್ಟಕ್ಕೂ ಬೇಕಾದ ಔಷಧವನ್ನು ಕೊಂಡೊಯ್ಯುತ್ತಿದ್ದರು. ಬಳಸಲು ತೆರೆದ ಇನ್ಸುಲಿನ್ನನ್ನು ಸಾಮಾನ್ಯ ಸೆಕೆಯಲ್ಲಿ, ಅದರ ಬಗೆಯನ್ನು ನೋಡಿಕೊಂಡು, ಸುಮಾರು ನಾಲ್ಕು ವಾರ ಇಡಬಹುದು. ತೆರೆಯದೆ ಇಟ್ಟದ್ದು ಮಾತ್ರ ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಬಿಸಿಯಾದರೆ ಅದರ ಶಕ್ತಿ ಕುಗ್ಗುತ್ತದೆ. ಹೆಪ್ಪುಗಟ್ಟಿದರೂ ಕೆಟ್ಟಿತು, ಮತ್ತೆ ಕರಗಿಸಿ ಬಳಸುವಂತಿಲ್ಲ. ಹೀಗಾಗಿ ದೋಣಿಗೆ ಒಂದು ಪುಟ್ಟ ತಂಪುಪೆಟ್ಟಿಗೆ ಬಂತು. ಕಪ್ತಾನರು ಮೊದಲೇ ಷರತ್ತು ಹಾಕಿದ್ದರು: “ರತ್ನಾಗಿರಿ ಮುಟ್ಟುವುದರೊಳಗೆ ಈ ಪೆಟ್ಟಿಗೆಯ ಮೇಲೆ ನನಗೆ ನಂಬಿಕೆ ಹುಟ್ಟಬೇಕು. ಇಲ್ಲವಾದರೆ ಅಕ್ಕ, ನೀನು ಅಲ್ಲಿಂದ ರೈಲು ಹತ್ತಬೇಕು.” ಅಕ್ಕನವರು ಒಪ್ಪಿದರು, ಒಪ್ಪುವಾಗ ಮುಖ ಅಷ್ಟೇನೂ ಸಂತೋಷವಾಗಿರಲಿಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಬಗೆಗಳುಂಟು. ಅಗ್ಗದ ಬಗೆಯಲ್ಲಿ ಕಂಪ್ರೆಸರ್ ಇರುವುದಿಲ್ಲ. ೧೮೩೪ರಲ್ಲಿ ಪೆಲ್ಟಿಯೆ ಎಂಬ ಫ್ರೆಂಚ್ ವಿಜ್ಞಾನಿ ಕಂಡುಕೊಂಡ ತತ್ತ್ವದಿಂದ ಅದು ನಡೆಯುತ್ತದೆ. ಎರಡು ಬೇರೆ ಬೇರೆ ಲೋಹಗಳು ಸೇರುವಲ್ಲಿ ವಿದ್ಯುತ್ತು ಹರಿದರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ. ಆದರೆ ಅದು ಹೊರಗಿನ ಸೆಕೆಗಿಂತ ಇಪ್ಪತ್ತು ಡಿಗ್ರಿ ಇಳಿಸಿದರೆ ಹೆಚ್ಚು. ಹೊರಗೆ ೩೨ ಇದ್ದರೆ ಒಳಗೆ ೧೨. ಔಷಧಕ್ಕೆ ಅದು ಸಾಲದು. ಅನಿಲದ ಉರಿಯಿಂದ ನಡೆಯುವ ಇನ್ನೊಂದು ಬಗೆ ಸಮತಟ್ಟಾಗಿ ನಿಂತಿದ್ದರೆ ಮಾತ್ರ ಕೆಲಸ ಮಾಡುವುದು; ಓಲಾಡುವ ದೋಣಿಗೆ ಒಗ್ಗದು. ಮನೆಯ ರೆಫ್ರಿಜರೇಟರಿನಂತೆ ಕಂಪ್ರೆಸರ್ ಇರುವ, ೧೨ ವೋಲ್ಟಿನ ಬ್ಯಾಟರಿಯಿಂದ ನಡೆಯುವ ೪೦ ಲೀಟರಿನ ಪೆಟ್ಟಿಗೆಯನ್ನು ಕಪ್ತಾನರು ಆರಿಸಿದ್ದರು. ಮನೆಯಲ್ಲಿ ಎರಡು ದಿನ ಗೋಡೆಯ ವಿದ್ಯುತ್ತಿನಿಂದ ನಡೆಸಿ ನೋಡಿದ್ದರು. ದೋಣಿಯಲ್ಲಿ ಇಂಜಿನ್ ಹಚ್ಚಿ ನೋಡಿದ್ದರು. ಎರಡು ಕಡೆಯೂ ಚೆನ್ನಾಗಿ ನಡೆದಿತ್ತು.

ಮೊದಲನೆಯ ದಿನ ಬೆಳಗಿನ ಜಾವದಲ್ಲಿ ಮುಂಬಯಿಯ ಬಂದರನ್ನು ಬಿಟ್ಟೆವು. ಈ ತೀರದಲ್ಲಿ ಚಳಿಗಾಲದ ಗಾಳಿಗೆ ಒಂದು ದಿನಚರಿ ಇದೆ. ಬೆಳಗ್ಗೆ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಹೊತ್ತೇರಿದಂತೆ ಬಿದ್ದುಹೋಗುತ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ನಡುವಿನ ಬಿಡುವಿನಲ್ಲಿ ಇಂಜಿನ್ನೇ ಗತಿ. ಎಡಗಡೆ ಖಾಂದೇರಿ, ಉಂದೇರಿ ಎಂಬ ಜೋಡಿ ದ್ವೀಪಗಳು ಸಿಕ್ಕವು. ೧೬೭೯ರಲ್ಲಿ ಶಿವಾಜಿ ಖಾಂದೇರಿಯಲ್ಲಿ ಕೋಟೆ ಹಾಕಿಸಿದಾಗ ಮುಂಬಯಿಯ ಇಂಗ್ಲಿಷರಿಗೂ ಜಂಜೀರದ ಸಿದ್ದಿಗೂ ನಿದ್ರೆ ಹತ್ತಲಿಲ್ಲ. ಮರುವರ್ಷವೇ ಸಿದ್ದಿ ಪಕ್ಕದ ಉಂದೇರಿಯನ್ನು ಭದ್ರಪಡಿಸಿದ. ಸುಮಾರು ನಲವತ್ತು ಕಡಲ ಮೈಲು ನಡೆದು ಸಂಜೆ ಮುರುಡ್ ಜಂಜೀರದ ಬಳಿ ಲಂಗರು ಹಾಕಿದೆವು. ಪೆಟ್ಟಿಗೆಯ ಉಷ್ಣಮಾಪಕ ೪ ಡಿಗ್ರಿ ತೋರಿಸುತ್ತಿತ್ತು. ಇಂಜಿನ್ ಆರಿಸಿ, ಅನ್ನ ಸಾರು ಉಂಡು, ಕೋಟೆಯ ಕಪ್ಪು ನೆರಳನ್ನು ನೋಡುತ್ತ ಮಲಗಿದೆವು.

ರಾತ್ರಿ ಒಂದು ಗಂಟೆಗೆ ಅಕ್ಕನವರೇ ಎಬ್ಬಿಸಿದರು. ಪೆಟ್ಟಿಗೆ ಸುಮ್ಮನಾಗಿತ್ತು. ಸುಮ್ಮನಾಗಿತ್ತೆಂದರೆ ಪೂರ್ತಿ ಸುಮ್ಮನಲ್ಲ. ಸ್ವಲ್ಪ ಹೊತ್ತಿಗೊಮ್ಮೆ ‘ಗುರ್’ ಎಂದು ಎದ್ದು, ಮತ್ತೆ ಸತ್ತುಹೋಗುತ್ತಿತ್ತು. ಒಂದು ಕೆಂಪು ದೀಪ ಒಮ್ಮೆ ಮಿನುಗುವುದು, ತಡೆಯುವುದು, ಮತ್ತೊಮ್ಮೆ ಮಿನುಗುವುದು. ಉಷ್ಣಮಾಪಕ ೯ಕ್ಕೆ ಏರಿತ್ತು. ಹುಡುಗನು ನೋಡಿದವನೇ, “ಪೆಟ್ಟಿಗೆ ಬಾದ್ ಆಯಿತು” ಎಂದು ತೀರ್ಪು ಕೊಟ್ಟ. ನಮಗೂ ಹಾಗೆಯೇ ತೋರಿತು. ಕಪ್ತಾನರು ಮಾತಾಡದೆ ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಕ ತೆರೆದರು. ಅದರಲ್ಲಿ ದೀಪದ ಭಾಷೆಯನ್ನು ಬರೆದಿತ್ತು: ಒಂದು ಸಲ ಮಿನುಗಿದರೆ ಬ್ಯಾಟರಿಯ ಒತ್ತಡ ಸಾಲದು, ಎರಡು ಸಲವಾದರೆ ಬೀಸಣಿಗೆ ಹೆಚ್ಚು ವಿದ್ಯುತ್ತು ಎಳೆಯುತ್ತಿದೆ, ಮೂರಾದರೆ ಕಂಪ್ರೆಸರ್ ಹೊರಡಲಾರದು, ನಾಲ್ಕಾದರೆ ಅದು ತಕ್ಕ ವೇಗದಲ್ಲಿ ತಿರುಗುತ್ತಿಲ್ಲ, ಐದಾದರೆ ವಿಪರೀತ ಬಿಸಿ. ನಮ್ಮದು ಒಂದೇ ಮಿನುಗು. ಅಂದರೆ ಪೆಟ್ಟಿಗೆಯು “ನಾನು ಕೆಟ್ಟಿಲ್ಲ, ನನಗೆ ಊಟ ಬಂದಿಲ್ಲ” ಎನ್ನುತ್ತಿತ್ತು.

ಕಪ್ತಾನರು ಮೀಟರು ಹಿಡಿದು ಬ್ಯಾಟರಿಯ ತಲೆಯ ಮೇಲೆ ಅಳೆದರು: ೧೨.೫ ವೋಲ್ಟ್. ಸೀಸದ ಬ್ಯಾಟರಿ ತುಂಬಿ ನಿಂತಾಗ ೧೨.೭ ತೋರುತ್ತದೆ, ಅರ್ಧವಾದಾಗ ೧೨.೨ರ ಹತ್ತಿರ ಬರುತ್ತದೆ. ಅಂದಮೇಲೆ ನಮ್ಮ ಬ್ಯಾಟರಿ ಹೊಟ್ಟೆ ತುಂಬಿಯೇ ಕುಳಿತಿದೆ. ಇತ್ತ ಪೆಟ್ಟಿಗೆ ಹಸಿವೆಂದು ಅಳುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲವೆ? ಕಪ್ತಾನರು ನಕ್ಕು, “ಇಬ್ಬರೂ ಸತ್ಯವಂತರೇ. ನಡುವಿನ ಹರಿಕಾರನನ್ನು ವಿಚಾರಿಸಬೇಕು” ಎಂದರು. ಮೀಟರಿನ ಮೊನೆಗಳನ್ನು ಪೆಟ್ಟಿಗೆಗೆ ತಂತಿ ಸೇರುವ ಜಾಗಕ್ಕೆ ಒಯ್ದು, ಕಂಪ್ರೆಸರ್ ಏಳುವುದನ್ನೇ ಕಾದರು. ಸುಮ್ಮನಿದ್ದಾಗ ೧೨.೫. ‘ಗುರ್’ ಎಂದೊಡನೆ ಅಂಕಿ ಜಾರಿತು: ೧೧, ೧೦.೬, ೧೦.೩. ಅಷ್ಟಕ್ಕೆ ಪೆಟ್ಟಿಗೆ ನಿಂತಿತು. ಅಂಕಿ ಮತ್ತೆ ೧೨.೫ಕ್ಕೆ ಎದ್ದಿತು.

ಇದರ ಮರ್ಮ ಹೀಗೆ. ಬ್ಯಾಟರಿ ಪೂರ್ತಿ ಬತ್ತಿಹೋಗಬಾರದೆಂದು ಈ ಪೆಟ್ಟಿಗೆಯೊಳಗೆ ಒಂದು ಕಾವಲಿದೆ. ತನ್ನ ಬಾಗಿಲಿಗೆ ಬರುವ ಒತ್ತಡ ೧೦.೪ ವೋಲ್ಟಿಗಿಂತ ಇಳಿದರೆ ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ, ೧೧.೭ಕ್ಕೆ ಏರಿದ ಮೇಲೆಯೇ ಮತ್ತೆ ಬಿಡುತ್ತದೆ. ನಮ್ಮ ಪೆಟ್ಟಿಗೆಗೆ ಹೋದ ತಂತಿ ಮೊದಲು ಒಂದು ಪುಟ್ಟ ದೀಪಕ್ಕಾಗಿ ಎಳೆದದ್ದು. ದಪ್ಪ ಒಂದೇ ಚದರ ಮಿಲಿಮೀಟರು. ಬ್ಯಾಟರಿಯಿಂದ ಪೆಟ್ಟಿಗೆಗೆ ೯ ಮೀಟರು. ಹೋಗಿ ಬರುವ ಎರಡು ಎಳೆ ಸೇರಿ ೧೮ ಮೀಟರು. ಅಷ್ಟು ತಾಮ್ರದ ತಡೆ ಸುಮಾರು ೦.೩ ಓಮ್. ದೀಪ ಎಳೆಯುವುದು ಅರ್ಧ ಆಂಪಿಯರ್. ಅದಕ್ಕೆ ಆಗುವ ನಷ್ಟ ಯಾರ ಕಣ್ಣಿಗೂ ಬೀಳದು. ಕಂಪ್ರೆಸರ್ ಎಳೆಯುವುದು ೫ ಆಂಪಿಯರ್. ಅಲ್ಲಿಗೆ ತಂತಿಯಲ್ಲೇ ಒಂದೂವರೆ ವೋಲ್ಟಿಗೆ ಮೇಲ್ಪಟ್ಟು ಕರಗಿತು. ಉಳಿದ ಅರ್ಧ ವೋಲ್ಟನ್ನು ನುಂಗಿದ್ದು ಪ್ಲಗ್ಗು. ಕಾರುಗಳಲ್ಲಿ ಸಿಗರೇಟು ಹೊತ್ತಿಸಲೆಂದು ಇಡುವ ಗುಂಡನೆಯ ತೂತಿನ ಪ್ಲಗ್ಗದು. ಒಂದು ಚಿಕ್ಕ ಸ್ಪ್ರಿಂಗಿನ ತುದಿ ತಾಗಿದರೆ ತಾಗಿತು, ಇಲ್ಲವಾದರೆ ಇಲ್ಲ. ಉಪ್ಪುಗಾಳಿಗೆ ಅದರ ತುದಿ ಹಸಿರುಗಟ್ಟಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಆ ಬೆಚ್ಚಗೆ ಎಂದರೆ ಪೆಟ್ಟಿಗೆಗೆ ಸೇರಬೇಕಾಗಿದ್ದ ವಿದ್ಯುತ್ತೇ.

ಹಾಗಾದರೆ ಹಗಲೆಲ್ಲ ಹೇಗೆ ನಡೆಯಿತು ಎಂದು ಓದುಗರು ಕೇಳಬಹುದು. ಹಗಲಿನಲ್ಲಿ ಇಂಜಿನ್ ತಿರುಗುವಾಗ ಅದರ ವಿದ್ಯುಜ್ಜನಕವು ೧೪ ವೋಲ್ಟ್ ಕೊಡುತ್ತದೆ. ಅದರಲ್ಲಿ ಎರಡು ವೋಲ್ಟ್ ಸೋರಿದರೂ ಪೆಟ್ಟಿಗೆಗೆ ಸುಮಾರು ೧೨ ಉಳಿಯಿತು. ಮನೆಯಲ್ಲಿ ಗೋಡೆಯ ವಿದ್ಯುತ್ತು. ಈ ತಂತಿಯೇ ಇರಲಿಲ್ಲ. ಇಂಜಿನ್ ಆರಿ, ಬ್ಯಾಟರಿಯೊಂದೇ ಭಾರ ಹೊರುವ ರಾತ್ರಿಯಲ್ಲಿ ಮಾತ್ರ ಈ ರೋಗ ಹೊರಬೀಳುವುದು. ಸಿರಿಯಿದ್ದಾಗ ಮನೆಯ ಸೋರಿಕೆ ತಿಳಿಯದು ಎಂದು ಅಕ್ಕನವರು ಕತ್ತಲಲ್ಲೇ ಹೇಳಿದರು. ಕಪ್ತಾನರು ಪ್ಲಗ್ಗಿನ ತುದಿಯನ್ನು ಮರಳುಕಾಗದದಿಂದ ಉಜ್ಜಿ, ಅರ್ಧ ಗಂಟೆ ಇಂಜಿನ್ ಹಚ್ಚಿ, ಉಷ್ಣಮಾಪಕವನ್ನು ೫ಕ್ಕೆ ಇಳಿಸಿದರು. ಕಾವಲಿನ ಮಿತಿಯನ್ನೇ ಕೆಳಗಿಳಿಸುವ ಉಪಾಯವೂ ಪುಸ್ತಕದಲ್ಲಿತ್ತು. ಅವರು ಅದನ್ನು ಮುಟ್ಟಲಿಲ್ಲ. “ನಾಯಿ ಬೊಗಳುತ್ತದೆಂದು ನಾಯಿಯ ಬಾಯಿ ಕಟ್ಟುವುದೆ?” ಎಂದರು.

ಬೆಳಗ್ಗೆ ರಾಜಪುರಿಯ ದೋಣಿಯವನೊಡನೆ ಜಂಜೀರದ ಕೋಟೆಯೊಳಗೆ ಹೋಗಿಬಂದೆವು. ಸುತ್ತ ಉಪ್ಪುನೀರು, ಅಲೆಗಳಿಂದಲೇ ನೇರವಾಗಿ ಎದ್ದ ಗೋಡೆಗಳು. ಮರಾಠರು ಎಷ್ಟು ಸಲ ಮುತ್ತಿದರೂ ಕೈಗೆ ಸಿಗದೆ ಉಳಿದ ಈ ಸಿದ್ದಿಗಳ ಕೋಟೆ ೧೯೪೮ರವರೆಗೆ ಒಂದು ಸಂಸ್ಥಾನದ ಹೆಸರಾಗಿತ್ತು. ಒಳಗೆ ಸಿಹಿನೀರಿನ ಎರಡು ದೊಡ್ಡ ಕೊಳಗಳಿವೆ. ಕೋಟೆಯನ್ನು ಉಳಿಸಿದ್ದು ತೋಪುಗಳೆಂದು ಎಲ್ಲರೂ ಹೇಳುತ್ತಾರೆ; ಕೊಳಗಳ ದಡದಲ್ಲಿ ನಿಂತು ನೋಡಿದರೆ ನೀರಿಗೂ ಅದರಲ್ಲಿ ಪಾಲು ಕೊಡಬೇಕೆನಿಸುತ್ತದೆ. ಒಳಗೆ ಏನನ್ನು ಕೂಡಿಡುತ್ತೇವೆ, ಅದು ಎಷ್ಟು ದಿನ ಬರುತ್ತದೆ ಎಂಬ ಲೆಕ್ಕ ನಮ್ಮ ತಲೆಯಲ್ಲೂ ಆಗ ಓಡುತ್ತಿತ್ತು.

ಎರಡನೆಯ ಸಂಜೆ ಹರ್ಣೈ. ಎದುರಿಗೆ ನೀರಿನಲ್ಲಿ ಸುವರ್ಣದುರ್ಗ, ಇತ್ತ ಮರಳಿನ ಮೇಲೆ ಮೀನಿನ ಹರಾಜು. ಬುಟ್ಟಿಗಟ್ಟಲೆ ಮೀನು, ಕೂಗು, ಕೈಸನ್ನೆ, ಮೀನು ಹೊತ್ತ ಹೆಂಗಸರ ಸಾಲು, ಎಲ್ಲಕ್ಕೂ ಮಿಗಿಲಾಗಿ ಪುಡಿ ಮಂಜುಗಡ್ಡೆಯ ರಾಶಿ. ಇಲ್ಲಿಯ ದೋಣಿಗಳು ತಂಪುಪೆಟ್ಟಿಗೆ ಕಟ್ಟಿಕೊಂಡು ಹೋಗುವುದಿಲ್ಲ. ಹೊಟ್ಟೆಯ ತುಂಬ ಮಂಜುಗಡ್ಡೆ ತುಂಬಿಕೊಂಡು ಹೋಗುತ್ತವೆ. “ನಮಗೂ ಒಂದು ಮೂಟೆ ಇದೇ ಸಾಕಲ್ಲ?” ಎಂದು ನಮ್ಮ ಹುಡುಗ ಕೇಳಿದ. ಮೀನಿಗೆ ಸಾಕು, ಇನ್ಸುಲಿನ್ನಿಗೆ ಒಗ್ಗದು. ಕರಗುವ ಮಂಜು ಸೊನ್ನೆ ಡಿಗ್ರಿ. ಔಷಧ ಅದಕ್ಕೆ ತಾಗಿ ಕುಳಿತರೆ ಹೆಪ್ಪುಗಟ್ಟುವ ಭಯ. ಆದರೂ ಆಪತ್ತಿಗೆ ಇರಲೆಂದು ಒಂದು ದಪ್ಪ ಡಬ್ಬಿಯಲ್ಲಿ ಮಂಜು ತುಂಬಿಸಿ, ಔಷಧಕ್ಕೆ ಬೇಕಾದರೆ ನಡುವೆ ಟವಲು ಸುತ್ತಿ ಇಡುವ ಏರ್ಪಾಡು ಮಾಡಿಕೊಂಡೆವು.

ಮಂಜುಗಡ್ಡೆಯನ್ನು ಕಡಲಿನ ಮೇಲೆ ಸಾಗಿಸುವುದು ಹೊಸ ಸಾಹಸವಲ್ಲ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ೧೮೩೩ರಲ್ಲಿ ಅಮೆರಿಕದ ಕೆರೆಗಳ ಮಂಜನ್ನು ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ. ಸುಮಾರು ೧೮೦ ಟನ್ನು ಹೊರಟಿತು; ನಾಲ್ಕು ತಿಂಗಳು ಬಿಸಿಲ ಸಮುದ್ರಗಳಲ್ಲಿ ಸುತ್ತಿ ಬಂದರೂ ೧೦೦ ಟನ್ನಿನಷ್ಟು ಉಳಿದಿತ್ತು. ಮುಂದೆ ಮುಂಬಯಿಗೂ ಮದರಾಸಿಗೂ ಆ ಮಂಜು ಬಂತು. ಚೆನ್ನೈಯ ನಮ್ಮ ಬಂಧುಗಳು ಕಡಲ ದಂಡೆಯಲ್ಲಿ ನೋಡುವ ‘ಐಸ್ ಹೌಸ್’ ಅದಕ್ಕಾಗಿಯೇ ೧೮೪೨ರಲ್ಲಿ ಕಟ್ಟಿದ ಮನೆ; ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ಅವರ ಹೆಸರನ್ನು ಹೊತ್ತಿದೆ. ಟ್ಯೂಡರನಿಗೆ ವಿದ್ಯುತ್ತೂ ಇರಲಿಲ್ಲ, ಕಂಪ್ರೆಸರೂ ಇರಲಿಲ್ಲ. ಇದ್ದದ್ದು ಮರದ ಹೊಟ್ಟು, ದಪ್ಪ ಗೋಡೆ, ಬಿಗಿಯಾದ ಮುಚ್ಚಳ. ತಂಪು ಮಾಡುವುದಕ್ಕಿಂತ ತಂಪನ್ನು ಕಾಯುವುದು ಹೆಚ್ಚಿನ ಕೆಲಸವೆಂದು ಅವನು ತಿಳಿದಿದ್ದ. ಈ ಮಾತು ಮುಂದೆ ನಮ್ಮ ಕೆಲಸಕ್ಕೂ ಬಂತು.

ಹರ್ಣೈಯಲ್ಲಿ ಮೀನುದೋಣಿಗಳ ದೀಪ, ಬ್ಯಾಟರಿ ರಿಪೇರಿ ಮಾಡುವ ಒಬ್ಬ ಮುದುಕನಿದ್ದ. ನಮ್ಮ ಹುಡುಗನ ದೂರದ ಮಾವ. ಕಥೆ ಕೇಳಿ, ಹಳೆಯ ತಂತಿಯನ್ನು ಬೆರಳುಗಳ ನಡುವೆ ಹೊಸೆದು ನೋಡಿ, “ಈ ದಾರದಲ್ಲಿ ಎತ್ತು ಕಟ್ಟಿದ್ದೀರಿ” ಎಂದ. ೬ ಚದರ ಮಿಲಿಮೀಟರಿನ ತಾಮ್ರದ ತಂತಿ ಅವನಲ್ಲಿತ್ತು. ಕಡಲಿಗೆ ತವರ ಲೇಪಿಸಿದ ತಂತಿಯಾದರೆ ಉತ್ತಮ, ಅದು ಸಿಗಲಿಲ್ಲ. ಇದ್ದುದನ್ನೇ ತಂದು, ಬ್ಯಾಟರಿಯ ಹತ್ತಿರವೇ ೧೫ ಆಂಪಿಯರಿನ ಫ್ಯೂಸ್ ಹಾಕಿ, ಗುಂಡುತೂತಿನ ಪ್ಲಗ್ಗನ್ನು ಕಿತ್ತು, ತಿರುಪಿನಿಂದ ಬಿಗಿಯುವ ಕೂಡುಗಳನ್ನು ಹಾಕಿ, ತುದಿಗಳಿಗೆ ಗ್ರೀಸು ಹಚ್ಚಿ, ಮೇಲೆ ರಬ್ಬರ್ ಕೊಳವೆ ಬಿಗಿದು ಕೆಲಸ ಮುಗಿಸಿದರು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಏಕೆ? ನಡುದಾರಿಯಲ್ಲಿ ತಂತಿ ಉಜ್ಜಿ ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತುವುದು ಅಲ್ಲಿಂದಲೇ. ನಡುಗಡಲಿನಲ್ಲಿ ಬೆಂಕಿ ಎದ್ದರೆ ಓಡಿಹೋಗಲು ಅಂಗಳವಿಲ್ಲ. ಹೊಸ ತಂತಿಯಲ್ಲಿ ನಷ್ಟ ಕಾಲು ವೋಲ್ಟು ಮಾತ್ರ. ಆ ರಾತ್ರಿ ಪೆಟ್ಟಿಗೆ ಒಮ್ಮೆಯೂ ಮುಗ್ಗರಿಸಲಿಲ್ಲ. ಮುದುಕ ಕೂಲಿಗಿಂತ ಹೆಚ್ಚಾಗಿ ಕೇಳಿದ್ದು ಅಕ್ಕನವರ ಕೈಯ ಒಂದು ಲೋಟ ಕಾಫಿ.

ಇಲ್ಲಿಗೆ ಕಥೆ ಮುಗಿಯಿತೆಂದುಕೊಂಡೆವು. ಮೂರನೆಯ ರಾತ್ರಿ ಶಾಸ್ತ್ರೀ ನದಿಯ ಮುಖದಲ್ಲಿರುವ ಜಯಗಡದಲ್ಲಿ ತಂಗಿದ್ದೆವು. ಗುಡ್ಡದ ಮೇಲೆ ಹಳೆಯ ಕೋಟೆ. ಹತ್ತಿರದಲ್ಲೇ ೧೨೦೦ ಮೆಗಾವ್ಯಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ, ರಾತ್ರಿಯೆಲ್ಲ ಮದುವೆಮನೆಯಂತೆ ದೀಪ. ಅಲ್ಲಿ ಅಷ್ಟು ವಿದ್ಯುತ್ತು ಹುಟ್ಟುತ್ತಿರುವಾಗ ಇಲ್ಲಿ ನಮಗೆ ಐವತ್ತು ವ್ಯಾಟಿಗೆ ತತ್ವಾರ. ಮೂರು ಗಂಟೆಗೆ ಕಪ್ತಾನರು ಎದ್ದು ನೋಡಿದರೆ ಪೆಟ್ಟಿಗೆ ನಡೆಯುತ್ತಲೇ ಇದೆ, ನಿಲ್ಲುತ್ತಲೇ ಇಲ್ಲ. ಬ್ಯಾಟರಿ ೧೧.೭ಕ್ಕೆ ಇಳಿದಿದೆ. ಈ ಸಲ ಹರಿಕಾರನ ತಪ್ಪಿಲ್ಲ, ಕಣಜವೇ ಬರಿದಾಗುತ್ತಿದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಬಳಸಿದರೆ ಅದರ ಆಯುಷ್ಯ ತೀರುತ್ತದೆ. ಕಪ್ತಾನರು ಪೆಟ್ಟಿಗೆಯನ್ನು ಆರಿಸಿ, “ಬೆಳಗಿನವರೆಗೆ ಯಾರೂ ಮುಚ್ಚಳ ತೆಗೆಯಬೇಡಿ” ಎಂದು ಆಜ್ಞೆ ಮಾಡಿದರು. ಇಂಜಿನ್ ಹೊರಡಿಸಲು ಬೇರೆಯೇ ಬ್ಯಾಟರಿ ಇದ್ದುದು ಪುಣ್ಯ. ಅಕ್ಕನವರು ಏನೂ ಹೇಳಲಿಲ್ಲ. ಮರುದಿನವೇ ರತ್ನಾಗಿರಿ.

ಬೆಳಗ್ಗೆ ಕಪ್ತಾನರು ಜಮಾಖರ್ಚು ಬರೆಸಿದರು. ಖರ್ಚು: ಕಂಪ್ರೆಸರ್ ನಡೆಯುವಾಗ ನಾಲ್ಕರಿಂದ ಐದು ಆಂಪಿಯರ್. ಆರೋಗ್ಯವಂತ ಪೆಟ್ಟಿಗೆ ಹೊತ್ತಿನ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ನಡೆಯುತ್ತದೆ. ದಿನಕ್ಕೆ ೪೦-೫೦ ಆಂಪಿಯರ್ ಗಂಟೆ. ನಮ್ಮದು ರಾತ್ರಿಯಿಡೀ ಬಿಡುವಿಲ್ಲದೆ ನಡೆದಿತ್ತು. ಜಮೆ: ನೂರು ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಬಳಸಬಹುದಾದ ಅರ್ಧ; ಅದರ ಮೇಲೆ ಛಾವಣಿಯ ನೂರು ವ್ಯಾಟಿನ ಸೌರಫಲಕದಿಂದ ಒಳ್ಳೆಯ ಬಿಸಿಲಿಗೆ ೩೦. ಆದರೆ ಪುಸ್ತಕದಲ್ಲಿ ನಾನು ಗಂಟೆಗೊಮ್ಮೆ ಬರೆದಿದ್ದ ಅಂಕಿಗಳನ್ನು ಕೂಡಿಸಿದರೆ ಹಿಂದಿನ ದಿನ ಬಂದದ್ದು ಹತ್ತೂ ಇಲ್ಲ.

ಬಿಸಿಲೇನೋ ಬೆಂಕಿಯಂತಿತ್ತು. ಮೇಲೆ ಹೋಗಿ ನೋಡಿದರೆ ಹಾಯಿಯನ್ನು ಕಟ್ಟುವ ಅಡ್ಡಮರದ ನೆರಳು ಫಲಕದ ಮೇಲೆ ಒಂದು ಗೇಣಗಲ ಬಿದ್ದಿತ್ತು. ಇಷ್ಟಕ್ಕೇನು ಎನ್ನಬಹುದು. ಫಲಕದ ಕೋಶಗಳೆಲ್ಲ ಒಂದರ ಬಾಲಕ್ಕೆ ಒಂದು ಕಟ್ಟಿದ ಸರಪಣಿ. ಒಂದಕ್ಕೆ ನೆರಳಾದರೆ ಉಳಿದವೂ ಅದರ ದಾರಿ ಕಾಯುತ್ತ ನಿಲ್ಲುತ್ತವೆ. ನೆರಳಿದ್ದಾಗ ಅರ್ಧ ಆಂಪಿಯರೂ ಇಲ್ಲ. ಅಡ್ಡಮರವನ್ನು ಹಗ್ಗದಿಂದ ಪಕ್ಕಕ್ಕೆ ಎಳೆದೊಡನೆ ಐದು. ಹುಡುಗ ಮೂರು ಸಲ ಎಳೆದು ಬಿಟ್ಟು ಎಳೆದು ನೋಡಿ, ಮೀಟರಿನೊಡನೆ ಆಟವಾಡಿದ. ಅಂದಿನಿಂದ ಬಿಸಿಲು ಹೊರಳಿದಂತೆ ಫಲಕವನ್ನು ಹೊರಳಿಸುವುದು ಅವನ ಕೆಲಸವಾಯಿತು.

ಖರ್ಚು ಹೆಚ್ಚಿದ್ದಕ್ಕೆ ಬೇರೆ ಕಾರಣಗಳಿದ್ದವು. ಪೆಟ್ಟಿಗೆ ಅಲುಗಬಾರದೆಂದು ಅದನ್ನು ಇಂಜಿನ್ ಪಕ್ಕದ ಮೂಲೆಗೆ ಒತ್ತಿ, ಸುತ್ತ ಚೀಲಗಳನ್ನು ಗಿಡಿದಿತ್ತು. ತಂಪುಪೆಟ್ಟಿಗೆ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ. ಹೊರಗೆ ಹಾಕಲು ಜಾಗವಿಲ್ಲದೆ ತನ್ನ ಬಿಸಿಯನ್ನೇ ತಾನು ಉಸಿರಾಡುತ್ತಿತ್ತು. ಅದನ್ನು ಎದುರಿನ ಬದಿಗೆ ತಂದು, ಗಾಳಿ ಆಡುವ ಕಿಂಡಿಗಳ ಸುತ್ತ ಒಂದು ಗೇಣು ಬಿಟ್ಟು ಹಗ್ಗದಿಂದ ಕಟ್ಟಿದೆವು. ಇನ್ನೊಂದು ಕಾರಣ, ಸಂಜೆ ಕಾದ ನೀರಿನ ಆರು ಬಾಟಲಿಗಳನ್ನು ಒಟ್ಟಿಗೆ ಒಳಗಿಟ್ಟದ್ದು. ಆರು ಲೀಟರು ನೀರನ್ನು ಮೂವತ್ತರಿಂದ ಐದಕ್ಕೆ ಇಳಿಸುವಷ್ಟರಲ್ಲಿ ರಾತ್ರಿ ಅರ್ಧ ಕಳೆಯಿತು. ಇನ್ನು ಮೇಲೆ ಬಾಟಲಿಗಳನ್ನು ಇಡುವುದು ಹಗಲಿನಲ್ಲಿ, ಬಿಸಿಲು ಬಿದ್ದು ಫಲಕ ದುಡಿಯುವಾಗ, ಒಂದೊಂದಾಗಿ ಎಂದು ನಿಯಮವಾಯಿತು. ತಣ್ಣಗಾದ ಬಾಟಲಿಗಳು ರಾತ್ರಿ ಪೆಟ್ಟಿಗೆಗೆ ಸಹಾಯಕರು. ಟ್ಯೂಡರನ ಮಂಜಿನಂತೆ ತಂಪನ್ನು ಹಿಡಿದಿಡುತ್ತವೆ. ಔಷಧವನ್ನು ಮಾತ್ರ ತಣ್ಣನೆಯ ಗೋಡೆಗೆ ತಾಗದಂತೆ, ಬಟ್ಟೆ ಸುತ್ತಿ ನಡುವಿನ ಬುಟ್ಟಿಯಲ್ಲಿ ಇಟ್ಟೆವು. ಮುಚ್ಚಳದ ಮೇಲೆ ಹಾಸಿಗೆಯೊಂದನ್ನು ಮಡಿಸಿ ಹೊದಿಸಿದೆವು, ಕಿಂಡಿಗಳನ್ನು ಮುಚ್ಚದೆ.

ರತ್ನಾಗಿರಿಯಲ್ಲಿ ಎರಡು ರಾತ್ರಿ ನಿಂತೆವು. ಹಗಲಿನಲ್ಲಿ ಥೀಬಾ ಅರಮನೆಗೆ ಹೋದೆವು. ಬ್ರಹ್ಮದೇಶದ ಕೊನೆಯ ದೊರೆಯನ್ನು ಇಂಗ್ಲಿಷರು ಪದಚ್ಯುತಗೊಳಿಸಿ ಈ ಊರಿಗೆ ತಂದರು. ೧೯೧೦ರಲ್ಲಿ ಈ ಮನೆ ಕಟ್ಟಿ ಮುಗಿಯಿತು. ೧೯೧೬ರಲ್ಲಿ ಅವನು ಇಲ್ಲೇ ತೀರಿಕೊಂಡ. ಮಹಡಿಯ ಮೇಲಿನಿಂದ ಕಡಲು ಕಾಣುತ್ತದೆ. ಅಕ್ಕನವರು ಆ ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದರು. ರಾಜನ ದುಃಖವನ್ನು ನೆನೆದೋ ರೈಲಿನ ಟಿಕೀಟನ್ನು ನೆನೆದೋ ನಾನು ಕೇಳಲಿಲ್ಲ. ರಾತ್ರಿಯ ಅಂಕಿಗಳನ್ನು ಪುಸ್ತಕದಿಂದಲೇ ಕೊಡುತ್ತೇನೆ. ಹತ್ತು ಗಂಟೆಗೆ ೪ ಡಿಗ್ರಿ, ೧೨.೬ ವೋಲ್ಟ್. ಎರಡು ಗಂಟೆಗೆ ೪ ಡಿಗ್ರಿ, ೧೨.೪. ಆರು ಗಂಟೆಗೆ ೫ ಡಿಗ್ರಿ, ೧೨.೩. ಕಂಪ್ರೆಸರ್ ಗಂಟೆಯಲ್ಲಿ ಇಪ್ಪತ್ತು ನಿಮಿಷ ನಡೆದು ನಲವತ್ತು ನಿಮಿಷ ಮಲಗುತ್ತಿತ್ತು. ಎರಡನೆಯ ರಾತ್ರಿಯೂ ಹಾಗೆಯೇ. ಕಪ್ತಾನರು ಪುಸ್ತಕ ಮುಚ್ಚಿ, “ಅಕ್ಕಾ, ಲಂಗರು ಎತ್ತೋಣವೆ?” ಎಂದರು. ಅಕ್ಕನವರು ಆಗಲೇ ಸೆರಗು ಬಿಗಿದು ಒಲೆ ಹಚ್ಚಿದ್ದರು.

ಮುಂದಿನ ದಾರಿ ಸುಖವಾಗಿ ಸಾಗಿತು. ವಿಜಯದುರ್ಗದಲ್ಲಿ ಒಂದು ರಾತ್ರಿ. ಮಾಲವಣದಲ್ಲಿ ೧೬೬೪ರಲ್ಲಿ ಶಿವಾಜಿ ಆರಂಭಿಸಿದ ಸಿಂಧುದುರ್ಗ. ಆ ಕಡಲಕೋಟೆಯೊಳಗೆ ಸಿಹಿನೀರಿನ ಮೂರು ಬಾವಿಗಳುಂಟು. ಹೆಸರು ಹಾಲುಬಾವಿ, ಮೊಸರುಬಾವಿ, ಸಕ್ಕರೆಬಾವಿ. “ಮೂರನೆಯದು ನನಗೆ ವರ್ಜ್ಯ” ಎಂದು ಅಕ್ಕನವರು ನಕ್ಕರು. ಅಂದು ಮಧ್ಯಾಹ್ನ ದೋಣಿಯಲ್ಲಿ ಪೆಟ್ಟಿಗೆಯಿಂದ ತೆಗೆದ ಮಜ್ಜಿಗೆ, ಇಂಗಿನ ಒಗ್ಗರಣೆ ಹಾಕಿ, ನಾಲ್ವರಿಗೂ ಸಿಕ್ಕಿತು. ಗೋವೆಯ ಆಗ್ವಾದದ ದೀಪವನ್ನು ದಾಟಿ, ಕೊನೆಯ ದಿನ ಮಧ್ಯಾಹ್ನದ ಗಾಳಿಯಲ್ಲಿ ದೇವಗಡ ದ್ವೀಪದ ದೀಪಸ್ತಂಭ ಕಂಡಿತು. ೧೮೬೪ರಿಂದ ಅದು ಕಾರವಾರಕ್ಕೆ ಬರುವವರಿಗೆ ದಾರಿ ತೋರುತ್ತಿದೆ. ಅಕ್ಕನವರ ತಾಯಿ ಆಗಬೋಟಿನ ಕಟಕಟೆಯಿಂದ ಹಿಂದಿರುಗಿ ನೋಡಿದ್ದ ದೀಪವೂ ಅದೇ. ಎಡಕ್ಕೆ ಕಾಳೀ ನದಿಯ ಮುಖ, ಸದಾಶಿವಗಡ; ಮುಂದೆ ೧೮೮೦ರ ದಶಕದಲ್ಲಿ ತರುಣ ರವೀಂದ್ರನಾಥರು ಅಡ್ಡಾಡಿದ ಮರಳಿನ ದಂಡೆ. ಗಾಳಿಮರಗಳ ಹಿಂದೆ ಊರು. ಅಕ್ಕನವರು ಒಂದು ಮಾತೂ ಆಡದೆ ಎಲ್ಲವನ್ನೂ ನೋಡಿದರು.

ಇಂಥ ಪೆಟ್ಟಿಗೆಯನ್ನು ದೋಣಿಯಲ್ಲೋ ಕಾರಿನಲ್ಲೋ ಔಷಧಕ್ಕಾಗಿ ಒಯ್ಯುವವರು ನಮ್ಮ ಓದುಗರಲ್ಲಿ ಹಲವರಿರಬಹುದು. ಅವರಿಗಾಗಿ ಕಪ್ತಾನರ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ. ಪೆಟ್ಟಿಗೆ ನಿಂತರೆ ಮೊದಲು ದೀಪ ಏನು ಹೇಳುತ್ತದೆ ನೋಡಿ. ಆಮೇಲೆ ಬ್ಯಾಟರಿಯ ತಲೆಯ ಮೇಲೂ ಪೆಟ್ಟಿಗೆಯ ಬಾಗಿಲಿನಲ್ಲೂ, ಕಂಪ್ರೆಸರ್ ನಡೆಯುವಾಗಲೇ, ಎರಡು ಸಲ ಅಳೆಯಿರಿ. ಸುಮ್ಮನಿರುವಾಗ ಅಳೆದ ಅಂಕಿಗೆ ಬೆಲೆಯಿಲ್ಲ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದೋಷ ದಾರಿಯಲ್ಲಿದೆ: ತಂತಿ, ಪ್ಲಗ್ಗು, ಫ್ಯೂಸಿನ ಹಿಡಿ, ಹಸಿರುಗಟ್ಟಿದ ಕೂಡು. ಯಾವುದು ಬೆಚ್ಚಗಿದೆಯೋ ಅದೇ ಕಳ್ಳ. ಎರಡೂ ಒಟ್ಟಿಗೆ ಕೆಳಗಿದ್ದರೆ ದೋಷ ಕಣಜದಲ್ಲಿದೆ: ಜಮೆ ಸಾಲದು, ಅಥವಾ ಖರ್ಚು ಮಿತಿ ಮೀರಿದೆ. ಎರಡೂ ಸರಿಯಿದ್ದು ಪೆಟ್ಟಿಗೆ ಮಾತ್ರ ನಡೆಯದಿದ್ದರೆ ಆಗ, ಆಗ ಮಾತ್ರ, ಪೆಟ್ಟಿಗೆಯನ್ನು ಅಂಗಡಿಗೆ ಒಯ್ಯಿರಿ. ತ್ರಾಸವಾದ ರಾತ್ರಿ ಔಷಧ ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿತ್ತೆಂದು ಬರೆದಿಟ್ಟು ವೈದ್ಯರನ್ನು ಕೇಳಿ. ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು. ಅಕ್ಕನವರು ಮುರುಡಿನಿಂದಲೇ ತಮ್ಮ ವೈದ್ಯರಿಗೆ ಫೋನು ಮಾಡಿ ಅಂಕಿಗಳನ್ನು ಓದಿ ಹೇಳಿ, ಅವರು ಚಿಂತೆಯಿಲ್ಲವೆಂದ ಮೇಲೆಯೇ ಮುಂದುವರಿದದ್ದು.

ಎರಡು ತಿಂಗಳ ಮೇಲೆ ಅಕ್ಕನವರು ರೈಲಿನಲ್ಲಿ ಮುಂಬಯಿಗೆ ಮರಳಿದರು. ಪ್ರಯಾಣ ಸುಖವಾಯಿತೆ ಎಂದು ಕೇಳಿದರೆ, “ಸುಖವೇನೋ ಸುಖವೇ. ಆದರೆ ನಡುವೆ ಯಾವ ಊರೂ ಕಾಣಲಿಲ್ಲ, ಎಲ್ಲ ಸುರಂಗ” ಎಂದು ಉತ್ತರ ಕೊಟ್ಟರು.